ಗಾಯಗೊಂಡ ಹಿರಿಯ ಆಟಗಾರ ಅಂಕಣಕ್ಕೆ ಮರಳಬೇಕೇ? ವಾದಕ್ಕೆ ಇಳಿಯುವ ಮುಂಚೆ ಹಾಕಬೇಕಾದ ಲೆಕ್ಕ

2025ರ ಮೇ 6ರಂದು ಮಿನಿಯಾಪೊಲಿಸ್‌ನಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್ ಹಂತ, ಸರಣಿಯಲ್ಲಿ ಮೊದಲು ನಾಲ್ಕು ಪಂದ್ಯ ಗೆದ್ದ ತಂಡ ಮುಂದಕ್ಕೆ) ಎರಡನೇ ಸುತ್ತಿನ ಮೊದಲ ಪಂದ್ಯ. ಎರಡನೇ ಕ್ವಾರ್ಟರ್‌ನಲ್ಲೇ ಸ್ಟೀಫನ್ ಕರ್ರಿ ಎಡತೊಡೆಯ ಹಿಂಭಾಗ ಹಿಡಿದುಕೊಂಡು ಹೊರನಡೆದರು. ವಯಸ್ಸು 37. ತಪಾಸಣೆಯಲ್ಲಿ ಕಂಡದ್ದು ಗ್ರೇಡ್ 1 ಹ್ಯಾಮ್‌ಸ್ಟ್ರಿಂಗ್ ಸೆಳೆತ. ಅವರ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಆ ಪಂದ್ಯ ಗೆದ್ದಿತು, ಮುಂದಿನ ನಾಲ್ಕನ್ನೂ ಸೋತು 14ರಂದು ಹೊರಬಿತ್ತು. ನಡುವಿನ ಎಂಟು ದಿನ ಅಭಿಮಾನಿಗಳಲ್ಲಿ ಎರಡು ಪಂಗಡ. ಒಂದು ಕಡೆಯವರಿಗೆ ಕುಂಟುವ ಕರ್ರಿಯಾದರೂ ಸರಿ, ಅಂಕಣದಲ್ಲಿ ಇರಬೇಕು. ಇನ್ನೊಂದು ಕಡೆಯವರಿಗೆ ಮುಂದಿನ ವರ್ಷದ ಚಿಂತೆ. ಎರಡೂ ಕಡೆಯಲ್ಲಿ ತೀರಾ ಕಡಿಮೆ ಕೇಳಿಬಂದದ್ದು ಇಷ್ಟು: ಎಷ್ಟು ನಿಮಿಷ ಆಡಬೇಕು, ಆ ನಿಮಿಷಗಳಲ್ಲಿ ಯಾವ ಕೆಲಸ ಮಾಡಬೇಕು, ಆ ಕೆಲಸದ ಭಾರ ಗಾಯವಾದ ಜಾಗಕ್ಕೆ ಬೀಳುತ್ತದೆಯೇ?

ಈ ಮೂರಕ್ಕೆ ಉತ್ತರ ಹುಡುಕದೆ "ಆಡಲಿ", "ಬೇಡ" ಎಂದು ಕೂಗುವುದರಲ್ಲಿ ಹುರುಳಿಲ್ಲ. ಉತ್ತರ ಹುಡುಕಿದರೆ ಅರ್ಧಕ್ಕರ್ಧ ಜಗಳ ತಾನಾಗಿಯೇ ಮುಗಿಯುತ್ತದೆ. ಹುಡುಕುವ ಬಗೆ ಹೀಗೆ.

ಗಾಯದ ಪೂರ್ತಿ ಹೆಸರು ಹಿಡಿಯಿರಿ

"ಮಂಡಿ ನೋವು", "ಕಾಲಿಗೆ ಪೆಟ್ಟು" ಎನ್ನುವ ಸುದ್ದಿಯ ಮೇಲೆ ಯಾವ ವಾದವೂ ನಿಲ್ಲುವುದಿಲ್ಲ. ತಂಡದ ಪ್ರಕಟಣೆಯಲ್ಲಿ ನಾಲ್ಕು ವಿಷಯ ನೋಡಿ: ಯಾವ ಕಾಲು, ಯಾವ ಭಾಗ (ಸ್ನಾಯು, ಸ್ನಾಯುರಜ್ಜು, ಲಿಗಮೆಂಟ್, ಮೂಳೆ, ಮೃದ್ವಸ್ಥಿ), ಯಾವ ಗ್ರೇಡ್, ಶಸ್ತ್ರಚಿಕಿತ್ಸೆ ಆಗಿದೆಯೇ. ಗ್ರೇಡ್ 1 ಎಂದರೆ ನಾರುಗಳು ಎಳೆದುಕೊಂಡಿವೆ, ಕೆಲವೇ ಹರಿದಿವೆ. ಗ್ರೇಡ್ 2 ಎಂದರೆ ಭಾಗಶಃ ಹರಿದಿದೆ. ಗ್ರೇಡ್ 3 ಎಂದರೆ ಪೂರ್ತಿ ತುಂಡು.

ಕಾಲಾವಧಿಯ ಒರಟು ಲೆಕ್ಕ ಕೈಯಲ್ಲಿರಲಿ. ಹ್ಯಾಮ್‌ಸ್ಟ್ರಿಂಗ್ ಗ್ರೇಡ್ 1ಕ್ಕೆ 1ರಿಂದ 3 ವಾರ. ಗ್ರೇಡ್ 2ಕ್ಕೆ 4ರಿಂದ 8 ವಾರ. ಪಾದದ ಕೀಲಿನ ಮಾಮೂಲಿ ಉಳುಕು ಒಂದೆರಡು ವಾರದಲ್ಲಿ ಹತೋಟಿಗೆ ಬರುತ್ತದೆ. ಅದೇ ಉಳುಕು ಕೀಲಿನ ಮೇಲ್ಭಾಗದಲ್ಲಾದರೆ, ಅಂದರೆ ಕಾಲಿನ ಎರಡು ಉದ್ದ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್‌ಗೆ ಪೆಟ್ಟಾದರೆ, 4ರಿಂದ 8 ವಾರ ಹಿಡಿಯುತ್ತದೆ. ಇದನ್ನೇ ಹೈ ಆ್ಯಂಕಲ್ ಎನ್ನುವುದು. ಮಂಡಿಯ ಮೆನಿಸ್ಕಸ್ (ಮೂಳೆಗಳ ನಡುವಿನ ಮೆತ್ತೆಯಂಥ ಮೃದ್ವಸ್ಥಿ) ಹರಿದಾಗ ಆ ಭಾಗವನ್ನು ಕತ್ತರಿಸಿ ತೆಗೆದರೆ ಸುಮಾರು 4ರಿಂದ 6 ವಾರ, ಹೊಲಿದು ಉಳಿಸಿದರೆ 4ರಿಂದ 6 ತಿಂಗಳು. ಎಸಿಎಲ್‌ಗೆ (ಮಂಡಿಯೊಳಗಿನ ಮುಖ್ಯ ಲಿಗಮೆಂಟ್) 9ರಿಂದ 12 ತಿಂಗಳು, ಅಕಿಲಿಸ್‌ಗೂ (ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು) ಅಷ್ಟೇ.

ಮೆನಿಸ್ಕಸ್ ವಿಷಯದಲ್ಲಿ ಅಭಿಮಾನಿಗಳು ಎಡವುವುದು ಮಾಮೂಲು. "ಅವನು ಐದು ವಾರಕ್ಕೆ ಬಂದ, ಇವನಿಗೇನು ದಾಡಿ?" ಎಂದು ಕೇಳುವವರು ಒಬ್ಬರದು ಕತ್ತರಿಸಿದ್ದು, ಇನ್ನೊಬ್ಬರದು ಹೊಲಿದದ್ದು ಎಂಬುದನ್ನು ನೋಡಿರುವುದೇ ಇಲ್ಲ. ಹೊಲಿದ ಮಂಡಿ ತಡವಾಗಿ ಬರುತ್ತದೆ, ಹೆಚ್ಚು ವರ್ಷ ಬಾಳುತ್ತದೆ.

ಈಗ ಕರ್ರಿಯ ಲೆಕ್ಕ ಹಾಕಿ. ಗ್ರೇಡ್ 1, ಗಾಯವಾದದ್ದು 6ರಂದು. ಉಳಿದ ಪಂದ್ಯಗಳು 8, 10, 12, 14. ಆರನೆಯದು ನಡೆದಿದ್ದರೆ 18ರಂದು. ಎಂಟನೇ ದಿನಕ್ಕೆ ಓಡಿಸುವುದು 37ರ ಸ್ನಾಯುವಿಗೆ ಜೂಜು. ಹನ್ನೆರಡನೇ ದಿನಕ್ಕಾದರೆ ಮಾತಾಡಬಹುದು. ಹಾಗಾಗಿ ನಿಜವಾದ ಚರ್ಚೆ ಆರನೇ ಪಂದ್ಯದ್ದು ಮಾತ್ರ. ಅದು ನಡೆಯಲೇ ಇಲ್ಲ.

ಮೀನಖಂಡವಾದರೆ ಬೇರೆಯೇ ಲೆಕ್ಕ

ಎಲ್ಲ ಸ್ನಾಯು ಸೆಳೆತವೂ ಒಂದೇ ತೂಕದ್ದಲ್ಲ. ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿರುವ ಮೀನಖಂಡದ ಎರಡು ಸ್ನಾಯುಗಳು ಕೆಳಗೆ ಬರುತ್ತಾ, ಎರಡು ಎಳೆ ಹೊಸೆದು ಹಗ್ಗವಾದ ಹಾಗೆ, ಕೂಡಿಕೊಂಡು ಅಕಿಲಿಸ್ ಆಗಿ ಹಿಮ್ಮಡಿಗೆ ಅಂಟುತ್ತವೆ. ಮೇಲಿನ ಸ್ನಾಯು ಸೋತಿದ್ದರೆ ನೆಗೆತದ ಭಾರ ಕೆಳಗಿನ ರಜ್ಜುವಿಗೆ ಹೋಗುತ್ತದೆ.

ಆಗ ವಾರಿಯರ್ಸ್‌ನಲ್ಲಿದ್ದ ಕೆವಿನ್ ಡುರಾಂಟ್ ಪ್ರಕರಣ ಯಾರಿಗೂ ಮರೆಯುವಂಥದ್ದಲ್ಲ. 2019ರ ಮೇ 8ರಂದು ಹ್ಯೂಸ್ಟನ್ ವಿರುದ್ಧ ಬಲ ಮೀನಖಂಡದ ಸೆಳೆತ. ಒಂಬತ್ತು ಪಂದ್ಯ ಹೊರಗೆ. ವಾರಿಯರ್ಸ್ ಫೈನಲ್‌ನಲ್ಲಿ 1–3 ಹಿಂದಿತ್ತು. ಜೂನ್ 10ರಂದು ಟೊರಾಂಟೊದಲ್ಲಿ ಐದನೇ ಪಂದ್ಯಕ್ಕೆ ಇಳಿದರು. 12 ನಿಮಿಷ, 11 ಅಂಕ, ಎಸೆದ ಮೂರು ತ್ರೀ ಪಾಯಿಂಟರ್‌ಗಳೂ (ದೂರದಿಂದ ಎಸೆವ ಮೂರು ಅಂಕದ ಎಸೆತ) ಬುಟ್ಟಿಗೆ. ಎರಡನೇ ಕ್ವಾರ್ಟರ್‌ನ ಶುರುವಿನಲ್ಲಿ ಅದೇ ಕಾಲಿನ ಅಕಿಲಿಸ್ ತುಂಡಾಯಿತು. ಮತ್ತೆ ಆಡಿದ್ದು 2020ರ ಡಿಸೆಂಬರ್‌ನಲ್ಲಿ, ಬ್ರೂಕ್ಲಿನ್ ಪರವಾಗಿ. ಆ ಪಂದ್ಯವನ್ನು ವಾರಿಯರ್ಸ್ 106–105ರಿಂದ ಗೆದ್ದದ್ದು ನಿಜ. ಸರಣಿಯನ್ನು ಮುಂದಿನ ಪಂದ್ಯದಲ್ಲೇ ಸೋತಿತು.

ಆರು ವರ್ಷದ ಮೇಲೆ, 2025ರ ಜೂನ್ 22ರಂದು, ಫೈನಲ್‌ನ ಏಳನೇ ಪಂದ್ಯದಲ್ಲಿ ಇಂಡಿಯಾನಾದ ಟೈರೀಸ್ ಹ್ಯಾಲಿಬರ್ಟನ್‌ಗೂ ಹಾಗೇ ಆಯಿತು. ಐದನೇ ಪಂದ್ಯದಲ್ಲಿ ಬಲ ಮೀನಖಂಡ ಎಳೆದಿತ್ತು, ಏಳನೆಯದರಲ್ಲಿ ಬಲ ಅಕಿಲಿಸ್ ಹೋಯಿತು. ಅವರು ಹಿರಿಯರಲ್ಲ, ಆಗ 25 ವರ್ಷ. ವಯಸ್ಸು ಕಡಿಮೆಯಾದ ಮಾತ್ರಕ್ಕೆ ಈ ಗಾಯ ರಿಯಾಯಿತಿ ಕೊಡುವುದಿಲ್ಲ ಎನ್ನುವುದಕ್ಕೆ ಈ ಉದಾಹರಣೆ.

ಎರಡೂ ವಿಡಿಯೋಗಳನ್ನು ನಿಧಾನಗತಿಯಲ್ಲಿ ನೋಡಿ. ಎದುರಾಳಿ ಮುಟ್ಟಿದ್ದರಿಂದ ಆದದ್ದಲ್ಲ. ಆಟಗಾರ ನಿಂತಲ್ಲಿಂದ ಮುಂದೆ ನುಗ್ಗಲು ಬಲಪಾದವನ್ನು ಒಂದು ಹೆಜ್ಜೆ ಹಿಂದಿಡುತ್ತಾನೆ. ಹಿಮ್ಮಡಿ ನೆಲದತ್ತ ಇಳಿಯುತ್ತದೆ, ಅದೇ ಗಳಿಗೆಯಲ್ಲಿ ಮೊಣಕಾಲು ನೇರವಾಗುತ್ತದೆ. ಮೀನಖಂಡ ಉದ್ದವಾಗುತ್ತಿರುವಾಗಲೇ ಬಲ ಹಾಕಬೇಕಾದ ಸ್ಥಿತಿ ಅದು. ಅಕಿಲಿಸ್ ಮೇಲೆ ಬೀಳುವ ಅತಿ ಕೆಟ್ಟ ಭಾರಗಳಲ್ಲಿ ಒಂದು. ಚೆಂಡು ಹಿಡಿದು ಎದುರಾಳಿಯನ್ನು ದಾಟುವ ಆಟಗಾರ ಇದನ್ನು ಪಂದ್ಯಕ್ಕೆ ಹತ್ತಾರು ಸಲ ಮಾಡುತ್ತಾನೆ. ಮೂಲೆಯಲ್ಲಿ ನಿಂತು ಪಾಸ್ ಹಿಡಿದು ಎಸೆಯುವವನು ಅಪರೂಪಕ್ಕೆ ಮಾಡುತ್ತಾನೆ. "ಯಾವ ಕೆಲಸಕ್ಕೆ ಮರಳುತ್ತಿದ್ದಾರೆ" ಎಂದು ಮತ್ತೆ ಮತ್ತೆ ಕೇಳಬೇಕಾದದ್ದು ಇದಕ್ಕೇ.

30 ದಾಟಿದ ಆಟಗಾರನಿಗೆ ಮೀನಖಂಡದ ಸೆಳೆತವಿದ್ದರೆ ಅನುಮಾನದ ಲಾಭ ವಿಶ್ರಾಂತಿಗೇ ಸಲ್ಲಬೇಕು. ಫೈನಲ್ ಆದರೂ ಸರಿ. ಇದು ಕಟುವಾಗಿ ಕೇಳಿಸಬಹುದು, ಆದರೆ ಈ ಒಂದು ಗಾಯದಲ್ಲಿ ಪಣಕ್ಕಿಟ್ಟದ್ದು ಮುಂದಿನ ಪೂರ್ತಿ ಸೀಸನ್.

ಪ್ರಕಟಣೆಯ ಭಾಷೆ ಓದುವುದು

"ಎರಡು ವಾರದಲ್ಲಿ ಮರುಪರೀಕ್ಷೆ" ಎಂದರೆ ಎರಡು ವಾರದಲ್ಲಿ ಆಡುತ್ತಾರೆ ಎಂದಲ್ಲ. ಅಂದು ಬರುವುದು ಮುಂದಿನ ತಾರೀಕು ಅಷ್ಟೇ. ಈ ಒಂದು ವಾಕ್ಯವನ್ನು ತಪ್ಪಾಗಿ ಓದಿ, ಹದಿನೈದನೇ ದಿನ ಆಟಗಾರನನ್ನು ಸೋಮಾರಿ ಎಂದು ಬೈಯುವವರ ಲೆಕ್ಕವಿಲ್ಲ. "ಅಂಕಣದ ಚಟುವಟಿಕೆಗೆ ಒಪ್ಪಿಗೆ" ಎಂದರೆ ಒಬ್ಬರೇ ಚೆಂಡು ಎಸೆಯುತ್ತಿದ್ದಾರೆ. "ಕಾಂಟ್ಯಾಕ್ಟ್‌ಗೆ ಒಪ್ಪಿಗೆ" ಎಂದರೆ ಮೈಗೆ ಮೈ ತಾಗುವ ಅಭ್ಯಾಸ ಶುರು. ಎನ್‌ಬಿಎ ಗಾಯದ ಪಟ್ಟಿಯಲ್ಲಿ "ರಿಟರ್ನ್ ಟು ಕಾಂಪಿಟೇಶನ್ ರೀಕಂಡಿಷನಿಂಗ್" ಎಂದು ಬಂದರೆ ಗಾಯ ಹೆಚ್ಚೂಕಡಿಮೆ ಮಾಗಿದೆ, ದಮ್ಮು ಮತ್ತು ಕಾಲಿನ ಶಕ್ತಿ ಇನ್ನೂ ಬರಬೇಕಿದೆ ಎಂದು ತಿಳಿಯಿರಿ.

ಪಟ್ಟಿಯ ನಾಲ್ಕು ಪದಗಳನ್ನು ಓದುವ ರೂಢಿ: ಪ್ರಾಬಬಲ್ ಎಂದರೆ ಆಡುವ ಸಾಧ್ಯತೆ ಮುಕ್ಕಾಲು, ಕ್ವೆಶ್ಚನಬಲ್ ಎಂದರೆ ಅರ್ಧ, ಡೌಟ್‌ಫುಲ್ ಎಂದರೆ ಕಾಲು, ಔಟ್ ಎಂದರೆ ಇಲ್ಲ. ಹಿರಿಯ ಆಟಗಾರರು ತಿಂಗಳುಗಟ್ಟಲೆ ಕ್ವೆಶ್ಚನಬಲ್ ಪಟ್ಟಿಯಲ್ಲೇ ಇದ್ದು ಆಡುತ್ತಲೇ ಇರುವುದುಂಟು. ಹಾಗಾಗಿ ಒಂದು ದಿನದ ಪದಕ್ಕಿಂತ ಮೂರು ಪಂದ್ಯಗಳಲ್ಲಿ ಅದು ಯಾವ ದಿಕ್ಕಿಗೆ ಸರಿಯಿತು ಎಂಬುದು ಮುಖ್ಯ. ಔಟ್‌ನಿಂದ ಡೌಟ್‌ಫುಲ್‌ಗೆ ಬಂದರೆ ಸುಧಾರಣೆ. ಕ್ವೆಶ್ಚನಬಲ್‌ನಿಂದ ಔಟ್‌ಗೆ ಹೋದರೆ ಅಭ್ಯಾಸದಲ್ಲಿ ಏನೋ ಎಡವಟ್ಟಾಗಿದೆ.

ಇಲ್ಲಿ ಕೂತು ನೋಡುವವರಿಗೆ ಹೊತ್ತಿನ ಲೆಕ್ಕ: ತಂಡಗಳು ಪಂದ್ಯದ ಹಿಂದಿನ ದಿನ ತಮ್ಮ ಊರಿನ ಸಂಜೆ 5ರೊಳಗೆ ಪಟ್ಟಿ ಕೊಡಬೇಕು. ಪೂರ್ವ ಕರಾವಳಿಯಾದರೆ ಪ್ಲೇಆಫ್ ದಿನಗಳಲ್ಲಿ ನಮ್ಮ ನಸುಕಿನ 2:30, ಚಳಿಗಾಲದಲ್ಲಿ 3:30. ಪಶ್ಚಿಮ ಕರಾವಳಿಯಾದರೆ ಬೆಳಗಿನ 5:30 ಅಥವಾ 6:30. ಅಂದರೆ ಬೆಳಿಗ್ಗೆ ಕಾಫಿ ಹೊತ್ತಿಗೆ ಕೈಯಲ್ಲಿರುತ್ತದೆ, ಪಂದ್ಯ ಇರುವುದು ಮರುದಿನ ಬೆಳಿಗ್ಗೆ. ನಡುವೆ ಪಟ್ಟಿ ಬದಲಾಗುತ್ತಲೇ ಇರುತ್ತದೆ. ಅಲಾರಂ ಇಟ್ಟು ಏಳುವವರು ಮಲಗುವ ಮುಂಚೆ ಇನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಮೆಟ್ಟಿಲುಗಳಲ್ಲಿ ಎಲ್ಲಿದ್ದಾರೆ?

ಸರಿಯಾಗಿ ನಡೆದ ಪುನಶ್ಚೇತನಕ್ಕೆ ಒಂದು ಕ್ರಮವಿದೆ:

1. ಊತವಿಲ್ಲದೆ ಪೂರ್ತಿ ಮಡಚಿ ಚಾಚಲು ಬರುವುದು. ನಡಿಗೆಯಲ್ಲಿ ಕುಂಟು ಇಲ್ಲದಿರುವುದು.
2. ನಿಂತಲ್ಲಿಂದ ಎಸೆತ, ನೇರ ಓಟ.
3. ಪಕ್ಕಕ್ಕೆ ಜಾರುವುದು, ತಟ್ಟನೆ ನಿಲ್ಲುವುದು, ಒಂಟಿಕಾಲಿನಲ್ಲಿ ನೆಗೆದು ಇಳಿಯುವುದು.
4. ಒಬ್ಬರೆದುರು ಒಬ್ಬರು, ಆಮೇಲೆ ಮೂವರೆದುರು ಮೂವರು.
5. ಐವರೆದುರು ಐವರು ಪೂರ್ತಿ ವೇಗದಲ್ಲಿ. ಒಮ್ಮೆಯಲ್ಲ, ಹಲವು ದಿನ.
6. ನಿಮಿಷದ ಮಿತಿಯೊಂದಿಗೆ ಪಂದ್ಯ.

ಮೂರನೇ ಮೆಟ್ಟಿಲಲ್ಲಿ ವೈದ್ಯರು ಎರಡು ಕಾಲಿನ ಬಲ ಹೋಲಿಸುತ್ತಾರೆ. ಗಾಯಗೊಂಡ ಕಾಲು ಚೆನ್ನಾಗಿರುವ ಕಾಲಿನ ಶೇ 90ರಷ್ಟಾದರೂ ಬಲ ಮತ್ತು ನೆಗೆತ ತೋರಿಸಬೇಕೆನ್ನುವುದು ಎಸಿಎಲ್ ನಂತರದ ರೂಢಿಯ ಗುರಿ. ಇದರಲ್ಲೂ ಒಂದು ಮೋಸ ಅಡಗಿದೆ: ಆರು ತಿಂಗಳು ಆಡದಿದ್ದರೆ ಚೆನ್ನಾಗಿರುವ ಕಾಲೂ ಸೊರಗಿರುತ್ತದೆ. ಸೊರಗಿದ ಕಾಲಿನ ಶೇ 90 ದೊಡ್ಡ ಸಾಧನೆಯೇನಲ್ಲ. ಹಾಗಾಗಿ ಒಳ್ಳೆಯ ತಂಡಗಳು ಗಾಯಕ್ಕೆ ಮುಂಚಿನ ಅಳತೆಯನ್ನೇ ಎದುರಿಗಿಟ್ಟುಕೊಳ್ಳುತ್ತವೆ.

ಪ್ಲೇಆಫ್ ಬಂತೆಂದರೆ ಹಾರಿಸುವುದು ಐದನೇ ಮೆಟ್ಟಿಲನ್ನು. ಪಂದ್ಯಗಳ ನಡುವೆ ತಂಡ ಪೂರ್ತಿ ವೇಗದ ಅಭ್ಯಾಸವನ್ನೇ ಮಾಡುವುದಿಲ್ಲ, ಹಾಗಾಗಿ ಹಿಂದಿರುಗುವವನಿಗೆ ಹತ್ತು ಜನ ಸಿಗುವುದಿಲ್ಲ. ವಾರಿಯರ್ಸ್‌ನ ಕ್ಲೇ ಥಾಂಪ್ಸನ್ ವಿಷಯದಲ್ಲಿ ಹೀಗಾಗಲು ಬಿಡಲಿಲ್ಲ. 2019ರ ಜೂನ್‌ನಲ್ಲಿ ಎಡಗಾಲಿನ ಎಸಿಎಲ್, 2020ರ ನವೆಂಬರ್‌ನಲ್ಲಿ ಬಲಗಾಲಿನ ಅಕಿಲಿಸ್. ಮರಳುವ ಮುಂಚೆ ಎನ್‌ಬಿಎಯ ಕೆಳಹಂತವಾದ ಜಿ ಲೀಗ್‌ನ ಸಾಂಟಾ ಕ್ರೂಜ್ ವಾರಿಯರ್ಸ್ ಜತೆ ಅಭ್ಯಾಸ ಮಾಡಿದರು. 941 ದಿನಗಳ ನಂತರ 2022ರ ಜನವರಿ 9ರಂದು ಕ್ಲೀವ್ಲೆಂಡ್ ವಿರುದ್ಧ ಇಳಿದಾಗ ಆಡಿದ್ದು ಸುಮಾರು 20 ನಿಮಿಷ. ಅದೇ ಜೂನ್‌ನಲ್ಲಿ ತಂಡ ಚಾಂಪಿಯನ್. "ಅಷ್ಟು ದುಡ್ಡು ಕೊಟ್ಟು 20 ನಿಮಿಷವೇ?" ಎಂದು ಆ ಜನವರಿಯಲ್ಲಿ ಗೊಣಗಿದವರು ಕ್ಯಾಲೆಂಡರನ್ನು ಒಂದು ಪುಟ ಮುಂದಕ್ಕೂ ತಿರುಗಿಸಿರಲಿಲ್ಲ.

ವಾರ್ಮಪ್ ವಿಡಿಯೋಗೆ ಮರುಳಾಗಬೇಡಿ

ಆಟಗಾರ ತ್ರೀ ಪಾಯಿಂಟರ್ ಒಂದರ ಹಿಂದೊಂದು ಹಾಕುವ ಹದಿನೈದು ಸೆಕೆಂಡಿನ ತುಣುಕು ಬಂದ ಕೂಡಲೇ "ರೆಡಿ" ಎಂಬ ತೀರ್ಪು ಹೊರಡುತ್ತದೆ. ಕರ್ರಿಯಂಥವರು ಕುರ್ಚಿ ಮೇಲೆ ಕೂತರೂ ಹಾಕುತ್ತಾರೆ. ನೋಡಬೇಕಾದದ್ದು ಚೆಂಡು ಬುಟ್ಟಿಗೆ ಬಿತ್ತೇ ಎಂದಲ್ಲ, ಕೆಳಗೆ ಕಾಲು ಏನು ಮಾಡುತ್ತಿದೆ ಎಂದು.

ನೆಗೆದು ಇಳಿಯುವಾಗ ಎರಡೂ ಪಾದ ಒಟ್ಟಿಗೆ ತಾಗುತ್ತಿವೆಯೇ, ಒಂದು ಪಾದ ಸ್ವಲ್ಪ ಮುಂಚೆ ತಾಗಿ ಭಾರ ಹೊರುತ್ತಿದೆಯೇ? ಓಡಿ ಬಂದು ನಿಲ್ಲುವಾಗ ಎರಡು ಹೆಜ್ಜೆ ಸಾಕಾಗುವ ಕಡೆ ನಾಲ್ಕು ಸಣ್ಣ ಹೆಜ್ಜೆ ಹಾಕುತ್ತಿದ್ದಾರೆಯೇ? ಲೇಅಪ್‌ಗೆ (ಓಡಿಬಂದು ಬುಟ್ಟಿಯ ಹತ್ತಿರದಿಂದ ಹಾಕುವ ಎಸೆತ) ಗಾಯಕ್ಕೆ ಮುಂಚೆ ನೆಗೆಯುತ್ತಿದ್ದ ಕಾಲನ್ನೇ ಬಳಸುತ್ತಿದ್ದಾರೆಯೇ? ರೀಬೌಂಡ್‌ಗೆ (ಬುಟ್ಟಿಗೆ ಬೀಳದೆ ಮರಳಿದ ಚೆಂಡಿಗೆ) ಒಮ್ಮೆ ನೆಗೆದು ಚೆಂಡು ಸಿಗದಿದ್ದಾಗ ತಕ್ಷಣ ಎರಡನೇ ಸಲ ನೆಗೆಯುತ್ತಾರೆಯೇ? ಈ ಎರಡನೇ ನೆಗೆತ ಅಕಿಲಿಸ್ ಮತ್ತು ಮೀನಖಂಡದ ಆರೋಗ್ಯವನ್ನು ಬೇರಾವುದಕ್ಕಿಂತ ಚೆನ್ನಾಗಿ ಹೇಳುತ್ತದೆ. ಹ್ಯಾಮ್‌ಸ್ಟ್ರಿಂಗ್ ಆಗಿದ್ದರೆ ಹಿಂದಕ್ಕೆ ಓಡಿ ಡಿಫೆನ್ಸ್‌ಗೆ ಮರಳುವಾಗ ನೋಡಿ. ದಾಪುಗಾಲು ಹಾಕದೆ ಗಿಡ್ಡ ಹೆಜ್ಜೆಯಲ್ಲಿ ಓಡಿದರೆ ಸ್ನಾಯು ಇನ್ನೂ ಪೂರ್ತಿ ಚಾಚಲು ಬಿಡುತ್ತಿಲ್ಲ.

ಇದನ್ನೆಲ್ಲ ಮೊದಲ ಐದು ನಿಮಿಷದಲ್ಲಿ ನೋಡಿದರೆ ಸಾಲದು. ಬೆಂಚಿನಲ್ಲಿ ಕೂತು ಮೈ ತಣ್ಣಗಾಗಿ ಮತ್ತೆ ಇಳಿದ ನಂತರ, ಅಥವಾ ಮೂರನೇ ಕ್ವಾರ್ಟರ್‌ನ ನಡುವೆ ನೋಡಿ. ಉದ್ವೇಗದಲ್ಲಿ ಮೊದಲ ಐದು ನಿಮಿಷ ಎಲ್ಲರೂ ಚೆನ್ನಾಗಿಯೇ ಆಡುತ್ತಾರೆ. ನ್ಯೂಯಾರ್ಕ್ ನಿಕ್ಸ್‌ನ ವಿಲಿಸ್ ರೀಡ್ 1970ರ ಮೇ 8ರಂದು ತೊಡೆಯ ಸ್ನಾಯು ಹರಿದಿದ್ದರೂ ಇಂಜೆಕ್ಷನ್ ತೆಗೆದುಕೊಂಡು ಫೈನಲ್‌ನ ಏಳನೇ ಪಂದ್ಯಕ್ಕೆ ಇಳಿದು ಮೊದಲ ಎರಡು ಎಸೆತ ಹಾಕಿದ ಕಥೆ ಎಲ್ಲರಿಗೂ ಗೊತ್ತು. ಆಮೇಲೆ ಅವರು ಒಂದೂ ಅಂಕ ಗಳಿಸಲಿಲ್ಲ ಎನ್ನುವುದು ಕೆಲವರಿಗೇ ಗೊತ್ತು. ಆ ಪಂದ್ಯದ 36 ಅಂಕ, 19 ಅಸಿಸ್ಟ್ (ಅಂಕಕ್ಕೆ ದಾರಿಯಾದ ಪಾಸ್) ಅವರ ಸಹ ಆಟಗಾರ ವಾಲ್ಟ್ ಫ್ರೇಜಿಯರ್ ಅವರದು.

ನಿಮಿಷದಿಂದ ಅಂಕಕ್ಕೆ

ಭಾವನೆ ಬಿಟ್ಟು ಕೂಡಿ ಕಳೆಯಿರಿ. 48 ನಿಮಿಷದಲ್ಲಿ ಒಂದು ತಂಡಕ್ಕೆ ಚೆಂಡು ಸಿಗುವ ಸರದಿ ಸುಮಾರು 100. ಒಬ್ಬ ಆಟಗಾರ ಪೂರ್ತಿ ಆರೋಗ್ಯದಲ್ಲಿ, ಬದಲಿ ಆಟಗಾರನಿಗೆ ಹೋಲಿಸಿದರೆ, 100 ಸರದಿಗೆ 8 ಅಂಕ ಹೆಚ್ಚು ತಂದುಕೊಡುತ್ತಾರೆ ಎಂದಿಟ್ಟುಕೊಳ್ಳಿ. ಇದು ದೊಡ್ಡ ತಾರೆಯ ಮಟ್ಟ. 36 ನಿಮಿಷ ಆಡಿದರೆ 6 ಅಂಕ. 20 ನಿಮಿಷದ ಮಿತಿ ಹಾಕಿದರೆ 3 ಅಂಕ ಮತ್ತು ಚಿಲ್ಲರೆ. ಗಾಯದಿಂದ ಅರ್ಧ ಪ್ರಭಾವವಷ್ಟೇ ಉಳಿದಿದ್ದರೆ ಒಂದೂವರೆ ಅಂಕದ ಆಸುಪಾಸು.

ಅದು ಸೊನ್ನೆಗಿಂತ ಕೆಳಗೂ ಹೋಗಬಹುದು. ಪಕ್ಕಕ್ಕೆ ಸರಿಯಲಾಗದ ಆಟಗಾರ ಅಂಕಣದಲ್ಲಿದ್ದರೆ ಎದುರಾಳಿ ಪ್ರತಿ ಸರದಿಯಲ್ಲೂ ಅವರ ಕಡೆಗೇ ಸ್ಕ್ರೀನ್ (ಕಾವಲುಗಾರನ ದಾರಿಗೆ ಅಡ್ಡ ನಿಲ್ಲುವ ತಂತ್ರ) ತಂದು, ಅವರೇ ಕಾಯುವಂತೆ ಮಾಡಿ, ದಾಟಿ ಹೋಗುತ್ತಾನೆ. ಇನ್ನೊಂದು ತುದಿಯಲ್ಲಿ ಸುಮ್ಮನೆ ಮೂಲೆಯಲ್ಲಿ ನಿಂತರೂ ಎದುರಾಳಿಯ ಒಬ್ಬ ಕಾವಲುಗಾರ ಅಲ್ಲೇ ಅಂಟಿಕೊಂಡಿರುತ್ತಾನೆ ಎಂಬುದೂ ಲಾಭದ ಬದಿಯಲ್ಲಿ ಸೇರಬೇಕು. ಒಳ್ಳೆಯ ಶೂಟರ್‌ಗೆ ಈ ಲಾಭ ಗಾಯದಲ್ಲೂ ಉಳಿಯುತ್ತದೆ. ನುಗ್ಗಿ ಅಂಕ ಗಳಿಸುವವರಿಗೆ ಉಳಿಯುವುದಿಲ್ಲ. ಒಂದೇ ಗಾಯವಾದರೂ ಕರ್ರಿ ಮರಳುವುದಕ್ಕೂ ಬುಟ್ಟಿಯತ್ತ ನುಗ್ಗಿಯೇ ಬದುಕುವ ಗಾರ್ಡ್ ಮರಳುವುದಕ್ಕೂ ಅಂತರವಿದೆ.

ಇನ್ನು ಸರಣಿಯ ಸ್ಥಿತಿ. 2025ರವರೆಗೆ ಎನ್‌ಬಿಎಯಲ್ಲಿ 0–3 ಹಿಂದಿದ್ದ ಯಾವ ತಂಡವೂ ಸರಣಿ ಗೆದ್ದಿಲ್ಲ. ಫೈನಲ್‌ನಲ್ಲಿ 1–3ರಿಂದ ಮೇಲೆದ್ದದ್ದು 2016ರ ಕ್ಲೀವ್ಲೆಂಡ್ ಒಂದೇ. 0–3 ಇರುವಾಗ ಹಿರಿಯ ಆಟಗಾರನನ್ನು ಮರಳಿಸಿ ಎನ್ನುವವರು ಮರ್ಯಾದೆಗಾಗಿ ಒಂದು ಪಂದ್ಯ ಕೇಳುತ್ತಿದ್ದಾರೆ, ಅಷ್ಟೇ. 2–2 ಇದ್ದರೆ ಅದೇ ಮೂರು ಅಂಕಕ್ಕೆ ತೂಕ ಬರುತ್ತದೆ.

ರೆಗ್ಯುಲರ್ ಸೀಸನ್‌ನಲ್ಲಿ ಲೆಕ್ಕ ಇನ್ನೂ ಸಲೀಸು: ಏಳರಿಂದ ಹತ್ತನೇ ಸ್ಥಾನಕ್ಕೆ ಬಿದ್ದರೆ ಪ್ಲೇಇನ್, ಅಂದರೆ ಪ್ಲೇಆಫ್ ಸ್ಥಾನಕ್ಕಾಗಿ ಆಡಬೇಕಾದ ಹೆಚ್ಚುವರಿ ಪಂದ್ಯ. ಲೆಬ್ರಾನ್ ಜೇಮ್ಸ್ 36ನೇ ವಯಸ್ಸಿನಲ್ಲಿ, 2021ರ ಮಾರ್ಚ್ 20ರಂದು, ಹೈ ಆ್ಯಂಕಲ್ ಉಳುಕಿಗೆ ಸಿಕ್ಕರು. ಏಪ್ರಿಲ್ 30ಕ್ಕೆ ಮರಳಿ ಎರಡು ಪಂದ್ಯ ಆಡಿ ಮತ್ತೆ ಕೂತರು. ಮೇ 15ಕ್ಕೆ ಎರಡನೇ ಬಾರಿ ಬಂದರು. ಅವರ ತಂಡ ಲೇಕರ್ಸ್ ಏಳನೇ ಸ್ಥಾನಕ್ಕೆ ಜಾರಿ ಪ್ಲೇಇನ್ ಆಡಿತು, ಮೊದಲ ಸುತ್ತಿನಲ್ಲೇ ಫೀನಿಕ್ಸ್‌ಗೆ ಸೋತಿತು. ಆರು ವಾರಕ್ಕೆ ಅರ್ಧ ಮಾಗಿದ ಕೀಲಿನಲ್ಲಿ ಆಡಿದ ಆ ಎರಡು ಪಂದ್ಯದಿಂದ ತಂಡಕ್ಕೆ ದಕ್ಕಿದ್ದು ಹೆಚ್ಚೇನಿಲ್ಲ.

ಅಕ್ಕಪಕ್ಕದ ಗಾಯ

ಹಿರಿಯರ ವಿಷಯದಲ್ಲಿ ಹಳೆ ಗಾಯ ಮರುಕಳಿಸುವುದಕ್ಕಿಂತ ಹೆಚ್ಚು ಹೆದರಬೇಕಾದದ್ದು ಪಕ್ಕದ ಭಾಗ ಮುರಿಯುವುದಕ್ಕೆ. ಕೋಬಿ ಬ್ರಯಂಟ್ 34ನೇ ವಯಸ್ಸಿನಲ್ಲಿ, 2013ರ ಏಪ್ರಿಲ್ 12ರಂದು, ಎಡ ಅಕಿಲಿಸ್ ಹರಿದುಕೊಂಡರು. ಎರಡು ದಿನದ ಹಿಂದಷ್ಟೇ ಪೋರ್ಟ್‌ಲೆಂಡ್‌ನಲ್ಲಿ ಒಂದು ನಿಮಿಷವೂ ಕೂರದೆ 48 ನಿಮಿಷ ಆಡಿದ್ದರು. 240 ದಿನಕ್ಕೆ, ಡಿಸೆಂಬರ್ 8ರಂದು, ಮರಳಿದರು. ಅಕಿಲಿಸ್ ಹಿಡಿದುಕೊಂಡಿತು. ಆರನೇ ಪಂದ್ಯದಲ್ಲಿ, ಡಿಸೆಂಬರ್ 17ರಂದು ಮೆಂಫಿಸ್‌ನಲ್ಲಿ, ಅದೇ ಎಡಗಾಲಿನ ಮಂಡಿಯ ಕೆಳಗಿನ ಮೂಳೆ ಬಿರಿಯಿತು. ಆ ಸೀಸನ್ ಅಲ್ಲಿಗೇ ಮುಗಿಯಿತು.

ಇಲ್ಲಿ ಬಹಳ ಜನ ಮರೆಯುವ ಸಂಗತಿ: ಆಗ ಕೋಬಿಯ ತಂಡ ಲೇಕರ್ಸ್‌ನಲ್ಲಿ ಪಾಯಿಂಟ್ ಗಾರ್ಡ್‌ಗಳಾದ (ಚೆಂಡು ತಂದು ಆಟ ಕಟ್ಟುವವರು) ಸ್ಟೀವ್ ನ್ಯಾಶ್, ಸ್ಟೀವ್ ಬ್ಲೇಕ್, ಜೋರ್ಡನ್ ಫಾರ್ಮರ್ ಮೂವರೂ ಗಾಯಾಳುಗಳು. ಎಂಟು ತಿಂಗಳು ಆಡದ ಕಾಲಿನಲ್ಲಿ ಬಂದವರ ತಲೆಗೆ ಪಾಯಿಂಟ್ ಗಾರ್ಡ್ ಕೆಲಸವೂ ಬಿತ್ತು. ನಿಮಿಷಗಳನ್ನು ಕಡಿಮೆ ಮಾಡಿ ಪ್ರತಿ ನಿಮಿಷದ ಭಾರ ಹೆಚ್ಚಿಸಿದರೆ ಮಿತಿ ಹಾಕಿದಂತಾಗುವುದಿಲ್ಲ. ಮರಳುವ ಆಟಗಾರನ ಬಗ್ಗೆ ವಾದಿಸುವಾಗ ಅವತ್ತಿನ ಪಟ್ಟಿಯಲ್ಲಿ ಇನ್ನು ಯಾರು ಯಾರು ಔಟ್ ಎಂದು ನೋಡಲೇಬೇಕು.

ಹಿರಿಯರೆಂದರೆ ಮುಗಿದೇಹೋಯಿತು ಎನ್ನುವವರಿಗೂ ಉತ್ತರವಿದೆ. ಡೊಮಿನಿಕ್ ವಿಲ್ಕಿನ್ಸ್ 1992ರ ಜನವರಿ 28ರಂದು 32ನೇ ವಯಸ್ಸಿನಲ್ಲಿ ಅಕಿಲಿಸ್ ಹರಿದುಕೊಂಡರು. ಆ ಸೀಸನ್ ಪೂರ್ತಿ ಬಿಟ್ಟರು. ಮುಂದಿನ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 29.9 ಅಂಕ ಗಳಿಸಿದರು. ಇದು ಅಪರೂಪ, ನಿಯಮವಲ್ಲ. ಆದರೂ ಅವರಿಗೆ ಪೂರ್ತಿ ಬೇಸಿಗೆ ಸಿಕ್ಕಿತ್ತು ಎಂಬುದನ್ನು ಗಮನಿಸಿ.

ಶುರುವಿನ ಐವರಲ್ಲಿ ಇಳಿಸಬೇಕೇ, ಬೆಂಚಿನಿಂದ ತರಬೇಕೇ ಎಂಬ ಕಿರುಜಗಳಕ್ಕೆ ಉತ್ತರ ಸುಲಭ. ಶುರುವಿನಲ್ಲೇ ಇಳಿಸುವುದು ಒಳಿತು. ವಾರ್ಮಪ್ ಮುಗಿಸಿ ಮೈ ಬಿಸಿಯಿರುವಾಗಲೇ ಆಟ ಸಿಗುತ್ತದೆ. ಬೆಂಚಿನಲ್ಲಿ ಹತ್ತು ಹನ್ನೆರಡು ನಿಮಿಷ ಕೂತ 35 ದಾಟಿದ ಸ್ನಾಯುವನ್ನು ಮತ್ತೆ ಎಬ್ಬಿಸುವುದು ಕಷ್ಟ. ಅದಕ್ಕೇ ಅಂಥವರು ಸುರಂಗದ ದಾರಿಯಲ್ಲಿ ವ್ಯಾಯಾಮದ ಸೈಕಲ್ ತುಳಿಯುತ್ತಿರುತ್ತಾರೆ. ನಾಲ್ಕೈದು ನಿಮಿಷದ ತುಂಡುಗಳಲ್ಲಿ ಆಡಿಸಿ, ನಡುವಿನ ಬಿಡುವು ಚಿಕ್ಕದಿರಬೇಕು.

ಇಂಜೆಕ್ಷನ್, ಮತ್ತು ಚರ್ಚೆಯೇ ಬೇಡವಾದ ಗಾಯಗಳು

ನೋವು ಸಹಿಸಿ ಆಡುವುದಕ್ಕೂ ಹಾನಿ ಸಹಿಸಿ ಆಡುವುದಕ್ಕೂ ವ್ಯತ್ಯಾಸವಿದೆ. ಎಸೆಯದ ಕೈಯ ಬೆರಳು ಮುರಿದರೆ ಟೇಪ್ ಸುತ್ತಿ ಆಡಬಹುದು. ನೋವಿದೆ, ಅಪಾಯ ಕಡಿಮೆ. ಪಾದದ ಮೂಳೆಯಲ್ಲಿ ಬಿರುಕಿನ ಅನುಮಾನವಿದ್ದಾಗ ನೋವು ಅಡಗಿಸಿದರೆ ಎಚ್ಚರಿಕೆಯ ಗಂಟೆಯನ್ನೇ ಕಿತ್ತಂತೆ. 1978ರ ಪ್ಲೇಆಫ್‌ನಲ್ಲಿ ಪೋರ್ಟ್‌ಲೆಂಡ್‌ನ ಬಿಲ್ ವಾಲ್ಟನ್ ಇಂಜೆಕ್ಷನ್ ತೆಗೆದುಕೊಂಡು ಸಿಯಾಟಲ್ ವಿರುದ್ಧ ಇಳಿದರು. ಪಾದದ ನ್ಯಾವಿಕ್ಯುಲರ್ ಮೂಳೆ ಮುರಿದಿರುವುದು ಆಮೇಲೆ ಗೊತ್ತಾಯಿತು. ಮುಂದಿನ ಸೀಸನ್ ಪೂರ್ತಿ ಆಡಲಿಲ್ಲ.

ರಕ್ತ ಹೆಪ್ಪುಗಟ್ಟುವಿಕೆ, ಹೃದಯದ ತೊಂದರೆ, ತಲೆಗೆ ಬಿದ್ದ ಪೆಟ್ಟು: ಈ ಮೂರರಲ್ಲಿ ಅಭಿಮಾನಿಗಳು ಮತ ಹಾಕುವ ಮಾತೇ ಇಲ್ಲ. ಕ್ರಿಸ್ ಬಾಶ್ ಅವರ ಕೊನೆಯ ಪಂದ್ಯ 2016ರ ಫೆಬ್ರವರಿಯಲ್ಲಿ, 31ನೇ ವಯಸ್ಸಿನಲ್ಲಿ. ಆಡುವ ಆಸೆ ಅವರಿಗೆ ಆಮೇಲೂ ಇತ್ತು. ಆದರೆ ರಕ್ತ ತೆಳುವಾಗಿಸುವ ಔಷಧಿ ಮೇಲಿರುವವರು ಮೊಣಕೈ ಮೊಣಕಾಲು ತಾಗುವ ಆಟ ಆಡುವಂತಿಲ್ಲ, ಔಷಧಿ ಬಿಟ್ಟರೆ ಹೆಪ್ಪು ಮತ್ತೆ ಕಟ್ಟುವ ಭಯ. ಇಂಥ ಪ್ರಕರಣಗಳಿಗೆಂದು ಎನ್‌ಬಿಎಯಲ್ಲಿ ಈಗ ವೈದ್ಯರ ಸಮಿತಿಯ ವ್ಯವಸ್ಥೆಯೇ ಇದೆ.

ಯಾರ ತೀರ್ಮಾನ, ಯಾರ ದುಡ್ಡು

ತಂಡದ ವೈದ್ಯರು, ಆಟಗಾರನ ಸ್ವಂತ ವೈದ್ಯರು, ಕೋಚ್, ಆಟಗಾರ. ವೈದ್ಯರು ಒಪ್ಪಿದ ಮೇಲೂ ಆಟಗಾರ ಬೇಡ ಎನ್ನಬಹುದು. ಒಂದು ಮಂಡಿಯ ಎಸಿಎಲ್ ಹರಿದಿದ್ದ ಡೆರಿಕ್ ರೋಸ್‌ಗೆ 2013ರಲ್ಲಿ ವೈದ್ಯರ ಒಪ್ಪಿಗೆ ಸಿಕ್ಕಿದ್ದರೂ ಅವರು ಆ ಸೀಸನ್ ಆಡಲಿಲ್ಲ, ಬೈಗುಳ ತಿಂದರು. ಮುಂದಿನ ಸೀಸನ್‌ಗೆ ಆಡಲು ಬಂದರು, ನವೆಂಬರ್‌ನಲ್ಲೇ ಇನ್ನೊಂದು ಮಂಡಿಯ ಮೆನಿಸ್ಕಸ್ ಹೋಯಿತು. ಒಪ್ಪಿಗೆ ಪತ್ರದ ತಾರೀಕು ಹಿಡಿದು ಆಟಗಾರನ ಧೈರ್ಯ ಅಳೆಯುವವರು ಇದನ್ನು ನೆನಪಿಟ್ಟುಕೊಳ್ಳಲಿ.

ತಂಡ ಒತ್ತಡ ಹಾಕಿತು ಎಂಬ ಆರೋಪ ಸುಲಭ, ಸಾಬೀತು ಕಷ್ಟ. ಗೊತ್ತಿರುವ ಸಂಗತಿಗಳಿಂದ ಶುರು ಮಾಡಿ: ಒಪ್ಪಂದ ಯಾವಾಗ ಮುಗಿಯುತ್ತದೆ? 2023–24ರಿಂದ ಎಂವಿಪಿ (ಸೀಸನ್‌ನ ಶ್ರೇಷ್ಠ ಆಟಗಾರ) ಥರದ ಪ್ರಶಸ್ತಿಗಳಿಗೆ ಕನಿಷ್ಠ 65 ಪಂದ್ಯ ಬೇಕು, ಅದರಲ್ಲೂ ಬಹುತೇಕ ಎಲ್ಲದರಲ್ಲಿ 20 ನಿಮಿಷ ಆಡಿರಬೇಕು. 82ರಲ್ಲಿ 17 ತಪ್ಪಿಸಿದವರು ಅಂಚಿನಲ್ಲಿದ್ದಾರೆ. ಅಂಚಿನಲ್ಲಿರುವವರು ಮಾರ್ಚ್‌ನಲ್ಲಿ ಅವಸರಪಡುವುದಕ್ಕೆ ಇದೂ ಕಾರಣವಿರಬಹುದು. 38ರ ಹಿರಿಯರಿಗೆ ಪ್ರಶಸ್ತಿಯ ಗೊಡವೆ ಇಲ್ಲದಿದ್ದರೆ ಅವರ ಅವಸರಕ್ಕೆ ಬೇರೆ ಕಾರಣ ಹುಡುಕಬೇಕು, ಸಾಮಾನ್ಯವಾಗಿ ಅದು ಉಳಿದಿರುವ ವರ್ಷಗಳ ಎಣಿಕೆ. ಇದೇ ಕೊನೆಯ ಸೀಸನ್ ಎಂದು ನಿರ್ಧರಿಸಿದವರು ಹೆಚ್ಚು ಅಪಾಯ ತೆಗೆದುಕೊಂಡರೆ ಅದರಲ್ಲಿ ತರ್ಕವಿದೆ. ಮೂರು ವರ್ಷದ ಒಪ್ಪಂದ ಬಾಕಿ ಇರುವವರಿಗೆ ಆ ತರ್ಕ ಹೊಂದುವುದಿಲ್ಲ.

ಮರಳಿದ ಮೇಲೆ

ಮೊದಲ ಪಂದ್ಯದ ಅಂಕಪಟ್ಟಿ ಹಿಡಿದು "ನಾನು ಹೇಳಲಿಲ್ಲವಾ" ಎನ್ನಬೇಡಿ. ಮಾಗದ ಕೀಲು ದೂರು ಹೇಳುವುದು 24 ಗಂಟೆಯ ಮೇಲೆ, ಊತದ ಮೂಲಕ. ಮರುದಿನದ ಅಭ್ಯಾಸದಲ್ಲಿ ಇದ್ದರೇ? ಮುಂದಿನ ಪಟ್ಟಿಯಲ್ಲಿ ಅದೇ ಪದವೇ, ಕೆಳಗಿಳಿಯಿತೇ? ಎರಡನೇ ಪಂದ್ಯದಲ್ಲಿ ನಿಮಿಷ ಎಷ್ಟು ಏರಿತು? ವಾರಕ್ಕೆ ಮೂರ್ನಾಲ್ಕು ನಿಮಿಷ ಏರಿದರೆ ಹದ. 20ರಿಂದ ಒಮ್ಮೆಗೇ 34ಕ್ಕೆ ಜಿಗಿದರೆ ಕೋಚ್ ಸೋಲಿನ ಭಯದಲ್ಲಿದ್ದಾರೆ. ರೆಗ್ಯುಲರ್ ಸೀಸನ್‌ನಲ್ಲಿ ಎರಡು ರಾತ್ರಿ ಸತತ ಪಂದ್ಯವಿದ್ದಾಗ ಎರಡನೆಯದರಲ್ಲಿ ಕೂರಿಸಿದರೆ ಟಿಕೆಟ್ ಕೊಂಡವರಿಗೆ ಬೇಸರ, ಆದರೆ ಮೊದಲ ಒಂದೆರಡು ತಿಂಗಳು ಅದೇ ಸರಿ. ಮೂರನೇ ಪಂದ್ಯದ ಹಿಂದಿನ ಬೆಳಿಗ್ಗೆಯ ಗಾಯದ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ, ಆಗ ಅವರ ಶೂಟಿಂಗ್ ಶೇಕಡಾವಾರು ಹಿಡಿದು ಜಗಳ ಶುರು ಮಾಡಬಹುದು.